ಹೆಂಡತಿಯ ಚಾಟ್ ತೆಗೆದುಕೊಡುತ್ತೇವೆ ಎನ್ನುವವರಿಗೆ ದುಡ್ಡು ಕಳಿಸಬೇಡಿ

"ಗಂಡ ಅಥವಾ ಹೆಂಡತಿ ಮೇಲೆ ಡೌಟ್ ಇದೆಯಾ? ಬರೀ ನಂಬರ್ ಕೊಡಿ, ವಾಟ್ಸಾಪ್ ಚಾಟ್, ಕಾಲ್ ಡೀಟೇಲ್ಸ್ ಎಲ್ಲಾ ತೆಗೆದುಕೊಡುತ್ತೇವೆ." ಇಂಥ ಜಾಹೀರಾತು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ನಮ್ಮ ಮನೆಯವರು ಅದನ್ನು ನಂಬಿದರು. ಡೌಟ್ ಇದ್ದದ್ದು ನನ್ನ ಮೇಲೆ. ಅವರಿಗೆ ಹೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಕಲಬುರಗಿಯ ಸೇಡಂ ರೋಡ್ ಕಡೆ ನಮ್ಮ ಮನೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಡಿಸೈನ್ ತೋರಿಸಲು ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್ ಇದೆ. ರೀಲ್ಸ್ ಮಾಡಿ ಹಾಕುವವಳು ನಾದಿನಿಯ ಮಗಳು. ಹಾಗಾಗಿ ಅದೇ ಅಕೌಂಟ್ ಅವಳ ಫೋನಿನಲ್ಲೂ ತೆರೆದಿರುತ್ತದೆ. ಮನೆಯವರು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾರೆ. ತೊಗರಿ ಸೀಸನ್‌ನಲ್ಲಿ ರಾತ್ರಿ ಬಹಳ ತಡವಾಗಿ ಬರುತ್ತಾರೆ. ಆ ಹೊತ್ತಿನಲ್ಲಿ ನನ್ನ ಪೇಜ್ ಪಕ್ಕ ಹಸಿರು ಚುಕ್ಕೆ ಉರಿಯುವುದು ಅವರಿಗೆ ಕಂಡಿತ್ತು. ನಾನೋ ಒಳಗೆ ಮಲಗಿರುತ್ತಿದ್ದೆ. ಆ ಚುಕ್ಕೆ ನಮ್ಮ ಹುಡುಗಿ ರಾತ್ರಿ ರೀಲ್ಸ್ ನೋಡುತ್ತಾ ಕೂತದ್ದರಿಂದ ಬಂದದ್ದು. ಅಕೌಂಟ್ ಯಾವ ಫೋನಿನಲ್ಲಿ ತೆರೆದರೂ ಚುಕ್ಕೆ ಬರುತ್ತದೆ. ಯಾರ ಜೊತೆ ಮಾತು ಅಂತ ಅದು ಹೇಳುವುದಿಲ್ಲ. ಮಾತು ನಡೆದಿದೆ ಅಂತ ಕೂಡ ಅದರ ಅರ್ಥ ಅಲ್ಲ.

ಅವರು ನನ್ನನ್ನು ಕೇಳಲಿಲ್ಲ. ಜಾಹೀರಾತಿನವನಿಗೆ ಮೆಸೇಜ್ ಮಾಡಿದರು.

ಮೊದಲು ಎರಡು ಸಾವಿರ ಕೇಳಿದ. ಕೊಟ್ಟ ಮೇಲೆ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಮೇಲೆ ನನ್ನ ಫೋಟೋ, ಕೆಳಗೆ ಉದ್ದನೆಯ ಚಾಟ್, ಅಕ್ಷರಗಳೆಲ್ಲಾ ಮಸುಕು. ಅಲ್ಲೊಂದು ಇಲ್ಲೊಂದು ಹೃದಯದ ಗುರುತು ಮಾತ್ರ ಸ್ಪಷ್ಟ. "ಕ್ಲಿಯರ್ ಕಾಪಿ ಬೇಕಾದರೆ ಸರ್ವರ್ ಚಾರ್ಜ್ ಕಟ್ಟಿ" ಅಂದ. ಆಮೇಲೆ ಜಿಎಸ್‌ಟಿ ಅಂದ. ನನ್ನ ಫೋಟೋ ವಾಟ್ಸಾಪ್‌ನಲ್ಲಿ ಯಾರು ಬೇಕಾದರೂ ನೋಡುವಂತಿತ್ತು, ಅದನ್ನೇ ಎತ್ತಿದ್ದ. ಇನ್ನು ನಾನು ಟೈಪ್ ಮಾಡುವುದೇ ಅಪರೂಪ. ಮಷೀನ್ ಮೇಲೆ ಕೂತಾಗ ಕೈ ಬಿಡುವಿರುವುದಿಲ್ಲ, "ಅಕ್ಕಾ, ಬ್ಲೌಸ್ ರೆಡಿ ಆಗ್ಯದ್ರಿ, ಬಂದು ಒಯ್ರಿ" ಅಂತ ವಾಯ್ಸ್ ಕಳಿಸಿಬಿಡುತ್ತೇನೆ. ಇಷ್ಟು ವರ್ಷ ಜೊತೆಗಿದ್ದವರಿಗೆ ಇದು ಗೊತ್ತಿತ್ತು. ಸಂಶಯ ಹೊಕ್ಕ ಮೇಲೆ ಗೊತ್ತಿದ್ದದ್ದೂ ನೆನಪಿಗೆ ಬರುವುದಿಲ್ಲ.

ಕೊನೆಗೆ ಅವನು ಒಂದು ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್ ಕಳಿಸಿದ. ಹೆಂಡತಿಯ ಫೋನಿಗೆ ಹಾಕಿ, ಎಲ್ಲಾ ಲೈವ್ ಕಾಣುತ್ತದೆ ಅಂದ. ನಾನು ಮಲಗಿದ್ದಾಗ ಮನೆಯವರು ಹಾಕಿದರು. ಹಾಕುವಾಗ ಫೋನ್ ತಾನೇ ಇದು ಅಪಾಯ ಅಂತ ತಡೆದಿತ್ತಂತೆ. ಅವನು ಹೇಳಿಕೊಟ್ಟಂತೆ ಕೆಟ್ಟ ಆ್ಯಪ್ ತಡೆಯುವ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ, ಮೆಸೇಜ್ ಓದುವ ಅನುಮತಿ, ಪರದೆಯನ್ನು ನೋಡುವ ಆಕ್ಸೆಸಿಬಿಲಿಟಿ ಅನುಮತಿ ಎರಡನ್ನೂ ಕೊಟ್ಟರು. ಇವೆರಡು ಸಿಕ್ಕರೆ ಮುಗಿಯಿತು. ಬರುವ ಒಟಿಪಿ ಅವನಿಗೆ ಹೋಗುತ್ತದೆ, ಪರದೆಯ ಮೇಲೆ ನಾವು ಒತ್ತುವುದೂ ಅವನಿಗೆ ಕಾಣುತ್ತದೆ. ಬ್ಯಾಂಕಿನ ಮೆಸೇಜನ್ನೂ ನಮಗೆ ಕಾಣದಂತೆ ಮಾಡಬಹುದು.

ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಲೈನಿಂಗ್ ಬಟ್ಟೆ, ಹುಕ್ಕು, ದಾರ ತೆಗೆದುಕೊಂಡು ಸ್ಕ್ಯಾನ್ ಮಾಡಿದಾಗಲೇ ನನಗೆ ಗೊತ್ತಾದದ್ದು. ಬ್ಯಾಲೆನ್ಸ್ ಇಲ್ಲ ಅಂತ ಬಂತು. ಇಂಟರ್‌ಲಾಕ್ ಮಷೀನ್‌ಗೆ ಅಂತ ಕೂಡಿಟ್ಟಿದ್ದ 38,000 ರೂಪಾಯಿ ಹೋಗಿತ್ತು. ಅತ್ತ ಮನೆಯವರಿಗೆ ಬೆದರಿಕೆ ಬೇರೆ ಶುರುವಾಗಿತ್ತು. "ಹೆಂಡತಿ ಫೋನ್ ಹ್ಯಾಕ್ ಮಾಡಿಸಿದ್ದೀಯ, ನಿನ್ನ ಮೇಲೇ ಕೇಸ್ ಆಗುತ್ತದೆ, ದುಡ್ಡು ಹಾಕು." ಹೆದರಿ ಇನ್ನಷ್ಟು ಹಾಕಿದ್ದರು.

ಮನೆಗೆ ಬಂದು ಕೇಳಿದಾಗ ಎಲ್ಲಾ ಹೇಳಿದರು. "ನನ್ನ ಒಂದು ಮಾತು ಕೇಳಬೇಕಾಗಿತ್ತಲ್ರಿ" ಅಂದೆ. ಅದಕ್ಕಿಂತ ಜಾಸ್ತಿ ಆ ದಿನ ನನ್ನ ಬಾಯಿಂದ ಬರಲಿಲ್ಲ. ದುಡ್ಡು ಹೋದದ್ದಕ್ಕಿಂತ ಆ ಮಸುಕು ಸ್ಕ್ರೀನ್‌ಶಾಟನ್ನು ಅವರು ನಂಬಿದ್ದು ನನಗೆ ಇವತ್ತಿಗೂ ನೋವು.

ಬರೀ ನಂಬರ್ ಕೊಟ್ಟರೆ ಇನ್ನೊಬ್ಬರ ವಾಟ್ಸಾಪ್ ಚಾಟ್ ತೆಗೆಯಲು ಇಂಥವರಿಂದ ಆಗುವುದಿಲ್ಲ. 2016ರಿಂದಲೇ ಚಾಟ್‌ಗಳು ಕಳಿಸಿದವರು, ಪಡೆದವರು ಬಿಟ್ಟು ನಡುವೆ ಯಾರೂ ಓದಲಾಗದಂತೆ ಗುಪ್ತವಾಗಿ ಹೋಗುತ್ತವೆ. ಕಾಲ್ ಡೀಟೇಲ್ಸ್ ಪೊಲೀಸರು ತನಿಖೆಗೆ ಕಾನೂನಿನ ಪ್ರಕಾರ ತರಿಸುವಂಥದ್ದು, ಅಂಗಡಿಯಲ್ಲಿ ಮಾರುವಂಥದ್ದಲ್ಲ. ಇನ್ನೊಬ್ಬರ ಫೋನಿಗೆ ಕಳ್ಳತನದಿಂದ ಆ್ಯಪ್ ಹಾಕುವುದು ಐಟಿ ಕಾಯ್ದೆಯ ಸೆಕ್ಷನ್ 66ರ ಕೆಳಗೆ ಅಪರಾಧ. ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗಂಡ, ಹೆಂಡತಿ ಅಂತ ವಿನಾಯಿತಿ ಏನೂ ಇಲ್ಲ. ಈ ಭಯವನ್ನೇ ಮೋಸಗಾರರು ಬಂಡವಾಳ ಮಾಡಿಕೊಳ್ಳುತ್ತಾರೆ.

ಗಂಡ ಅಥವಾ ಹೆಂಡತಿಯಿಂದ ನಿಜವಾಗಿಯೂ ಮೋಸ ಹೋದವರು ಇರುತ್ತಾರೆ, ಅವರ ಸಂಕಟ ಸುಳ್ಳಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ವ್ಯಭಿಚಾರವನ್ನು ಅಪರಾಧದ ಪಟ್ಟಿಯಿಂದ ತೆಗೆದರೂ, ವಿಚ್ಛೇದನಕ್ಕೆ ಅದು ಈಗಲೂ ಕಾರಣವೇ. ವಕೀಲರನ್ನು ಕಂಡು ಫ್ಯಾಮಿಲಿ ಕೋರ್ಟಿನ ದಾರಿ ಹಿಡಿಯಿರಿ. ಅದಕ್ಕೂ ಮೊದಲು ಎದುರು ಕೂತು ಕೇಳಿ. ಉತ್ತರ ಏನೇ ಬರಲಿ, ಅದು ಮನೆಯವರ ಬಾಯಿಂದ ಬರಲಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಆ ಆ್ಯಪ್ ಹಾಕಿದ ಫೋನಿನ ಇಂಟರ್ನೆಟ್ ಆಫ್ ಮಾಡಿ. ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು, ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಹಿಡಿಯಬಹುದು. ನಮ್ಮದರಲ್ಲಿ ಸ್ವಲ್ಪ ಮಾತ್ರ ಹಾಗೆ ತಡೆದಿದ್ದಾರೆ, ಇನ್ನೂ ಕೈಗೆ ಬಂದಿಲ್ಲ. ನಾಚಿಕೆಯಿಂದ ಚಾಟ್ ಅಳಿಸಿಬಿಡಬೇಡಿ. ಅವನ ನಂಬರ್, ಯುಪಿಐ ಐಡಿ, ದುಡ್ಡು ಹೋದ ಸಮಯ, ಆ ಮಸುಕು ಸ್ಕ್ರೀನ್‌ಶಾಟ್ ಎಲ್ಲಾ ದೂರಿಗೆ ಬೇಕಾಗುತ್ತದೆ.