ಹಾಡುಗಾರ ಬದಲಾದ, ಬ್ಯಾಂಡ್ ಬದಲಾಗಲಿಲ್ಲ: ಆಕ್ಸೆಪ್ಟ್‌ನ ‘ಬ್ಲಡ್ ಆಫ್ ದ ನೇಷನ್ಸ್’

ಹೆಸರು ಮಾಡಿದ ಹಾಡುಗಾರ ಇಲ್ಲದೆ ಒಂದು ಹಳೇ ಮೆಟಲ್ (ಬಿರುಸಿನ, ಭಾರವಾದ ರಾಕ್ ಸಂಗೀತದ) ಬ್ಯಾಂಡ್ ಹೇಗೆ ವಾಪಸ್ ಬರಬೇಕು ಅಂತ ಯಾರಾದರೂ ಕೇಳಿದರೆ ನಾನು ಕೈಗೆ ಕೊಡುವುದು ಈ ಆಲ್ಬಂ. ಜರ್ಮನಿಯ ಆಕ್ಸೆಪ್ಟ್ ಬ್ಯಾಂಡಿನ ‘ಬ್ಲಡ್ ಆಫ್ ದ ನೇಷನ್ಸ್’ ಬಂದದ್ದು 2010ರ ಆಗಸ್ಟ್‌ನಲ್ಲಿ. ಅದಕ್ಕೂ ಹಿಂದಿನ ಅವರ ಆಲ್ಬಂ ‘ಪ್ರಿಡೇಟರ್’ 1996ರದ್ದು. ನಡುವೆ ಹದಿನಾಲ್ಕು ವರ್ಷ. ಇವರ ಕಥೆ ಮುಗಿಯಿತು ಅಂತಲೇ ನಾವೆಲ್ಲ ತಿಳಿದಿದ್ದೆವು.

ಆಕ್ಸೆಪ್ಟ್ ಅಂದರೆ ಎಷ್ಟೋ ಜನಕ್ಕೆ ಅದರ ಹಳೇ ಹಾಡುಗಾರ ಉಡೋ ಡಿರ್ಕ್‌ಶ್ನೈಡರ್. ಗಿಡ್ಡ ಆಳು, ಮೈಮೇಲೆ ಸೈನಿಕರ ಚಿತ್ತಾರದ ಬಟ್ಟೆ, ಗಂಟಲಲ್ಲಿ ಮರಳು ತುಂಬಿದಂಥ ದನಿ. 1982ರ ‘ಫಾಸ್ಟ್ ಆ್ಯಸ್ ಎ ಶಾರ್ಕ್’ ಕೇಳಿದವರು ಅದರ ಶುರುವನ್ನು ಮರೆಯುವುದಿಲ್ಲ. ಹಳೇ ಜರ್ಮನ್ ಜನಪದ ಹಾಡೊಂದು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಫಕ್ಕನೆ ರೆಕಾರ್ಡ್ ಮೇಲೆ ಮುಳ್ಳು ಎಳೆದ ಸದ್ದು. ಹಿಂದೆಯೇ ಉಡೋ ಕಿರುಚು, ಸ್ಟೀಫನ್ ಕೌಫ್‌ಮನ್ ಎರಡೂ ಕಾಲಲ್ಲಿ ಬಾರಿಸುವ ಡಬಲ್ ಬಾಸ್ ಡ್ರಮ್. ಸ್ಪೀಡ್ ಮೆಟಲ್ ಅಂತ ಮುಂದೆ ಕರೆದದ್ದಕ್ಕೆ ದಾರಿ ತೋರಿಸಿದ ಹಾಡುಗಳಲ್ಲಿ ಅದೂ ಒಂದು. ಅಂಥ ದನಿಯ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸುವುದು ಸುಮ್ನೆ ಮಾತಲ್ಲ.

ಒಂದು ಸಲ ನಿಲ್ಲಿಸಿ ನೋಡಿಯೂ ಇದ್ದರು. 1987ರಲ್ಲಿ ಉಡೋ ಹೊರಟ ಮೇಲೆ ಡೇವಿಡ್ ರೀಸ್ ಎಂಬ ಅಮೆರಿಕನ್ ಗಾಯಕನನ್ನು ಕರೆತಂದು 1989ರಲ್ಲಿ ‘ಈಟ್ ದ ಹೀಟ್’ ಮಾಡಿದರು. ರೀಸ್ ಚೆನ್ನಾಗಿಯೇ ಹಾಡುತ್ತಾರೆ. ಆದರೆ ಹಾಡುಗಳನ್ನೇ ಅಮೆರಿಕದ ರೇಡಿಯೋಗೆ ಹೊಂದುವ ಹಾಗೆ ಉಜ್ಜಿ ನುಣುಪು ಮಾಡಿದ್ದರು. ಹಳಬರಿಗೆ ರುಚಿಸಲಿಲ್ಲ, ಹೊಸಬರು ಬರಲಿಲ್ಲ, ಬ್ಯಾಂಡೇ ಒಡೆಯಿತು. ಆಮೇಲೆ ಉಡೋ ಜೊತೆ ಮತ್ತೆ ಸೇರಿದರು, 1993ರಿಂದ ಮೂರು ಆಲ್ಬಂ ಮಾಡಿದರು, ಮತ್ತೆ ನಿಲ್ಲಿಸಿದರು. ಗಿಟಾರಿಸ್ಟ್ ವೋಲ್ಫ್ ಹಾಫ್‌ಮನ್ ಫೋಟೋಗ್ರಾಫರ್ ಆಗಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ನೆಲೆಸಿದರು. 2005ರಲ್ಲಿ ಕೆಲವು ಉತ್ಸವಗಳಿಗೆ ಒಟ್ಟಾದರೂ ಹೊಸ ಆಲ್ಬಂಗೆ ಉಡೋ ಒಪ್ಪಲಿಲ್ಲ.

ಆಮೇಲೆ ಹಾಫ್‌ಮನ್ ಮತ್ತು ಬೇಸ್ ಗಿಟಾರಿನ ಪೀಟರ್ ಬಾಲ್ಟೆಸ್ ಸುಮ್ಮನೆ ಖುಷಿಗೆ ಅಂತ ಬಾರಿಸುತ್ತಿದ್ದಾಗ, ಮಾರ್ಕ್ ಟೋರ್ನಿಲೋ ಅವರನ್ನು ಕರೆಯಿರಿ ಅಂತ ಪರಿಚಯದವರೊಬ್ಬರು ಹೇಳಿದರಂತೆ. ನ್ಯೂಜೆರ್ಸಿಯವರು, ಎಂಬತ್ತರ ದಶಕದ ಟಿಟಿ ಕ್ವಿಕ್ ಬ್ಯಾಂಡಿನ ಗಾಯಕ. ಆ ಬ್ಯಾಂಡನ್ನು ನಮ್ಮ ಕಡೆ ಕೇಳಿದವರು ಬೆರಳೆಣಿಕೆಯಷ್ಟು ಇದ್ದಾರು. ಬಂದರು, ಮೈಕ್ ಹಿಡಿದರು, ಬ್ಯಾಂಡ್ ಎದ್ದು ಕೂತಿತು. ಸುದ್ದಿ ಹೊರಬಿದ್ದಾಗ ಉಡೋ ಇಲ್ಲದ ಆಕ್ಸೆಪ್ಟ್ ನಮಗೆ ಬೇಡ ಅಂದವರು ಬಹಳ.

ನಾನು ಕುಂದಾಪುರದ ಕಡೆಯವನು. ಯಕ್ಷಗಾನ ಮೇಳದಲ್ಲಿ ಹೆಸರಾಂತ ಭಾಗವತರು ಬಿಟ್ಟು ಹೊಸಬರು ಬಂದರೆ ಜನ ಮೊದಲ ಪದಕ್ಕೇ ಕೈಕಟ್ಟಿ ಕೂರುವುದನ್ನು ನೋಡಿ ಬೆಳೆದವನು. ಹಳಬರ ಧಾಟಿಯನ್ನೇ ಅನುಕರಿಸಿದರೆ ನಕಲು ಅನ್ನುತ್ತಾರೆ. ತೀರಾ ಬೇರೆ ಹಾಡಿದರೆ ಇದು ನಮ್ಮ ಮೇಳವೇ ಅಲ್ಲ ಅನ್ನುತ್ತಾರೆ. ಟೋರ್ನಿಲೋ ಎದುರಿಗೆ ಇದ್ದದ್ದೂ ಅದೇ ಕಷ್ಟ. ಅವರ ದನಿಯಲ್ಲಿ ಉಡೋ ಅವರ ಒರಟುತನ ಇದೆ, ಅದು ಹುಟ್ಟಾ ಬಂದದ್ದು. ಅದರ ಜೊತೆಗೆ ರಾಗ ಎಳೆಯುವ ಶಕ್ತಿಯೂ ಇದೆ. ಮೇಲಿನ ಸ್ವರಕ್ಕೆ ಹೋದಾಗಲೂ ದನಿ ತೆಳ್ಳಗಾಗುವುದಿಲ್ಲ.

ಮೊದಲ ಹಾಡು ‘ಬೀಟ್ ದ ಬಾಸ್ಟರ್ಡ್ಸ್’. ಮೆಲ್ಲಗೆ ಪರಿಚಯ ಮಾಡಿಕೊಳ್ಳುವ ಉದ್ದೇಶವೇ ಇಲ್ಲದ, ಬಿರುಸಿನ ಹಾಡು. ಹೊಸ ಹಾಡುಗಾರನನ್ನು ಮುಚ್ಚಿಡದೆ ನೇರವಾಗಿ ಮುಂದೆ ತಳ್ಳಿದ್ದಾರೆ. ಸರಿಯಾದ ತೀರ್ಮಾನ.

ಆದರೆ ಆಲ್ಬಂನ ಜೀವ ಎರಡನೆಯ ಹಾಡಿನಲ್ಲಿದೆ: ‘ಟ್ಯುಟಾನಿಕ್ ಟೆರರ್’. ವೇಗ ಇಳಿಸಿ ಕವಾಯತಿನ ನಡಿಗೆಗೆ ಬರುತ್ತಾರೆ. ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಮೇಲ್ನೋಟಕ್ಕೆ ಏನೂ ಇಲ್ಲ. ನನ್ನ ಚಿಕ್ಕಪ್ಪನ ಮಗ ಈಚೆಗೆ ಗಿಟಾರ್ ಕಲಿಯುತ್ತಿದ್ದಾನೆ. “ಅಣ್ಣ, ಇದು ಇಷ್ಟೇನಾ? ಬಲು ಸುಲಭ ಅಲ್ವಾ?” ಅಂತ ಕೇಳಿದ. ಬಾರಿಸು ನೋಡೋಣ ಅಂದೆ. ಸ್ವರ ಎಲ್ಲ ಸರಿಯಾಗಿಯೇ ಬಂತು, ತೂಕ ಬರಲಿಲ್ಲ. ತಂತಿ ಮೀಟುವ ಪಿಕ್ ಅನ್ನು ಮೇಲೆ ಕೆಳಗೆ ಆಡಿಸುತ್ತಿದ್ದ. ಇಲ್ಲಿ ಪ್ರತಿ ಏಟೂ ಮೇಲಿನಿಂದ ಕೆಳಕ್ಕೇ ಬೀಳಬೇಕು. ಬಲ ಅಂಗೈಯ ಅಂಚು ಬ್ರಿಡ್ಜ್ (ತಂತಿ ಕೂರುವ ಬುಡದ ಪಟ್ಟಿ) ಹತ್ತಿರ ತಂತಿಯನ್ನು ಒತ್ತಿರಬೇಕು. ಎರಡು ಏಟಿನ ನಡುವೆ ತಂತಿ ಪೂರ್ತಿ ಸುಮ್ಮನಾಗಬೇಕು. ಆ ಬಿಡುವು ಒಂದಿಷ್ಟು ಹಾಳಾದರೂ ನಡಿಗೆ ಕುಸಿಯುತ್ತದೆ. ಹಾಫ್‌ಮನ್ ಮೂವತ್ತು ವರ್ಷದಿಂದ ಮಾಡಿಕೊಂಡು ಬಂದದ್ದು ಇದೇ. ಅದರ ಮೇಲೆ ಕೋರಸ್‌ಗೆ, ಅಂದರೆ ಪಲ್ಲವಿಗೆ, ಗಂಡಸರ ಗುಂಪು ತಗ್ಗು ದನಿಯಲ್ಲಿ ಒಟ್ಟಿಗೆ ಬಂದು ಸೇರುತ್ತದೆ. ಆ ಗುಂಪು ದನಿ 1983ರ ‘ಬಾಲ್ಸ್ ಟು ದ ವಾಲ್’ ಕಾಲದಿಂದಲೂ ಇವರ ಗುರುತು. ಅದು ಕಿವಿಗೆ ಬಿದ್ದ ಕ್ಷಣ, ಮೈಕ್ ಮುಂದೆ ಯಾರಿದ್ದಾರೆ ಅನ್ನುವ ಚಿಂತೆ ನನಗೆ ಉಳಿಯಲೇ ಇಲ್ಲ. ಆಕ್ಸೆಪ್ಟ್ ಎಂಬ ಗುರುತು ಬಲಗೈಯ ಆ ಏಟಿನಲ್ಲಿ, ಆ ಗುಂಪು ದನಿಯಲ್ಲಿ ಇದೆ. 1989ರಲ್ಲಿ ಅವರು ಕೈಬಿಟ್ಟದ್ದೂ ಅದನ್ನೇ.

ಇದರ ಹಿಂದೆ ನಿರ್ಮಾಪಕ ಆಂಡಿ ಸ್ನೀಪ್ ಇದ್ದಾರೆ. ಇಂಗ್ಲೆಂಡಿನವರು, ಸಬ್ಬಾಟ್ ಎಂಬ ಮೆಟಲ್ ಬ್ಯಾಂಡಿನಲ್ಲಿ ಗಿಟಾರಿಸ್ಟ್ ಆಗಿದ್ದವರು, ಜೊತೆಗೆ ಆಕ್ಸೆಪ್ಟ್‌ನ ಅಭಿಮಾನಿ. ಅಭಿಮಾನಿಯನ್ನು ಸದ್ದು ಹೊಂದಿಸುವ ಕನ್ಸೋಲ್ ಮುಂದೆ ಕೂರಿಸಿದರೆ ಒಂದು ಅನುಕೂಲ: ಬ್ಯಾಂಡ್ ತನ್ನ ದಾರಿ ಬಿಟ್ಟು ಅತ್ತಿತ್ತ ಹೋದರೆ ಅವರಿಗೆ ಮೊದಲು ಗೊತ್ತಾಗುತ್ತದೆ. ಗಿಟಾರಿನ ಅಂಚು ಹರಿತವಾಗಿದೆ, ಸ್ಟೀಫನ್ ಶ್ವಾರ್ಜ್‌ಮನ್ ಅವರ ಡ್ರಮ್ಸ್ ಗಟ್ಟಿಯಾಗಿ ಕೇಳುತ್ತದೆ. ನನ್ನ ತಕರಾರು ಏನೆಂದರೆ, ಎಲ್ಲವೂ ಸದಾ ಒಂದೇ ಜೋರಿನಲ್ಲಿದೆ. ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದರೆ ಕಿವಿ ದಣಿಯುತ್ತದೆ. ಒಳ್ಳೆ ಸ್ಪೀಕರ್ ಇದ್ದರೆ ಅದರಲ್ಲೇ ಕೇಳಿ.

‘ಶೇಡ್ಸ್ ಆಫ್ ಡೆತ್’ ಏಳು ನಿಮಿಷ ದಾಟುತ್ತದೆ, ಆದರೆ ಉದ್ದ ಅನಿಸುವುದಿಲ್ಲ. ನಿಧಾನವಾಗಿ, ಭಾರವಾಗಿ ಸಾಗುವ ಹಾಡು. ಟೋರ್ನಿಲೋ ಇಲ್ಲಿ ಕಿರುಚುವುದಕ್ಕಿಂತ ಕಥೆ ಹೇಳುವುದೇ ಜಾಸ್ತಿ. ಹಾಫ್‌ಮನ್ ಅವರ ಸೋಲೋಗಳಲ್ಲಿ (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗುಂಗು ಯಾವತ್ತೂ ಇರುತ್ತದೆ. 1985ರ ‘ಮೆಟಲ್ ಹಾರ್ಟ್’ ಸೋಲೋದಲ್ಲಿ ಬೀಥೋವನ್‌ನ ‘ಫ್ಯೂರ್ ಎಲೀಸ್’ ಅನ್ನೇ ತಂದಿದ್ದರು. ಇಲ್ಲಿ ಹಾಗೆ ನೇರವಾಗಿ ಏನೂ ತರಲಿಲ್ಲ. ಆದರೂ ಅವರ ಸೋಲೋಗಳನ್ನು ಒಂದೆರಡು ಸಲ ಕೇಳಿದರೆ ನೀವೇ ಗುನುಗಬಹುದು. ಬರೀ ವೇಗ ತೋರಿಸುವ ಗಿಟಾರಿಸ್ಟ್‌ಗಳ ಸೋಲೋ ಹೀಗೆ ಬಾಯಿಗೆ ಬರುತ್ತದೆಯೇ, ಹೇಳಿ.

‘ಲಾಕ್ಡ್ ಆ್ಯಂಡ್ ಲೋಡೆಡ್’, ‘ರೋಲಿಂಗ್ ಥಂಡರ್’ ಚೆನ್ನಾಗಿವೆ, ನೆನಪಲ್ಲಿ ಉಳಿಯುವಂಥವಲ್ಲ. ‘ಪ್ಯಾಂಡೆಮಿಕ್’ ಕೋರಸ್ ಉಳಿಯುತ್ತದೆ. ‘ಕಿಲ್ ದ ಪೇನ್’ ಒಂದು ಮೆದು ಹಾಡು. ಟೋರ್ನಿಲೋ ಮೆತ್ತಗೂ ಹಾಡಬಲ್ಲರು ಅಂತ ಗೊತ್ತಾಗುತ್ತದೆ, ಅಷ್ಟೇ. ಎಲ್ಲಿ ಏನು ಬರುತ್ತದೆ ಅಂತ ಮೊದಲೇ ಊಹಿಸಬಹುದು. ಅದನ್ನೂ ಇನ್ನೊಂದೆರಡು ಹಾಡನ್ನೂ ತೆಗೆದಿದ್ದರೆ ಆಲ್ಬಂ ಇನ್ನೂ ಬಿಗಿಯಾಗುತ್ತಿತ್ತು. ಹನ್ನೆರಡು ಹಾಡು, ಒಂದು ಗಂಟೆಗೂ ಮೇಲೆ. ಎಂಬತ್ತರ ದಶಕದ ಎಲ್‌ಪಿಯಲ್ಲಿ ಅಷ್ಟು ಜಾಗವೇ ಇರುತ್ತಿರಲಿಲ್ಲ, ಅದರಿಂದ ಒಳ್ಳೆಯದೇ ಆಗುತ್ತಿತ್ತು.

ಹೊಸದಾಗಿ ಕೇಳುವವರು ‘ಟ್ಯುಟಾನಿಕ್ ಟೆರರ್’ನಿಂದ ಶುರು ಮಾಡಿ, ಆಮೇಲೆ ಮೊದಲ ಹಾಡಿಗೆ ಹೋಗಿ, ಅಲ್ಲಿಂದ ‘ಶೇಡ್ಸ್ ಆಫ್ ಡೆತ್’ಗೆ. ಹಿಡಿಸಿದರೆ ಮುಂದಕ್ಕೆ ದಾರಿ ಇದೆ: 2012ರ ‘ಸ್ಟಾಲಿನ್‌ಗ್ರಾಡ್’, 2014ರ ‘ಬ್ಲೈಂಡ್ ರೇಜ್’. ಎರಡನೆಯದು ಇವರಿಗೆ ಜರ್ಮನಿಯ ಚಾರ್ಟ್‌ನಲ್ಲಿ ಮೊದಲ ಬಾರಿಗೆ ನಂಬರ್ 1 ತಂದುಕೊಟ್ಟಿತು. ಟೋರ್ನಿಲೋ 2024ರ ‘ಹ್ಯೂಮನಾಯ್ಡ್’ವರೆಗೂ ಮೈಕ್ ಬಿಟ್ಟಿಲ್ಲ. ಆದರೆ ಬಾಲ್ಟೆಸ್ 2018ರಲ್ಲಿ ಬ್ಯಾಂಡ್ ಬಿಟ್ಟರು. ಹಾಫ್‌ಮನ್ ಗಿಟಾರಿನ ಅಡಿಯಲ್ಲಿ ಅವರ ಬೇಸ್ ಹೇಗೆ ಅಂಟಿಕೊಂಡು ನಡೆಯುತ್ತದೆ ಅನ್ನುವುದನ್ನು ಹೊಸ ಆಲ್ಬಂಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಈ ಆಲ್ಬಂ ಹಾಕಿದಾಗ ಬೇಸ್ ಸ್ವಲ್ಪ ಏರಿಸಿ ಕೇಳಿ.