ಮೂರು ರೇಡಿಯೇಟರ್‌ಗಳು ಮತ್ತು ಗಾಳಿಯ ದಾರಿ: ಒಂದು ಟರ್ಬೊ ಕಾರಿನಲ್ಲಿ ಮಾಡಿದ ಹೋಲಿಕೆ

ನನ್ನ ಕಾರಿನ ಹಳೆಯ ರೇಡಿಯೇಟರ್ ಒಡೆದದ್ದು ಮೇಲಿನ ಹೋಸ್ ಕೂರುವ ಪ್ಲಾಸ್ಟಿಕ್ ಕೊರಳಿನ ಬುಡದಲ್ಲಿ. ಹೊಸದರಲ್ಲಿ ಕಪ್ಪಗಿದ್ದ ಆ ಟ್ಯಾಂಕು ವರ್ಷಗಟ್ಟಲೆ ಕಾದು ಕಾದು ಕಂದು ಬಣ್ಣಕ್ಕೆ ತಿರುಗಿತ್ತು. ಹೋಸ್ ಕಳಚಿ ಉಗುರಿನಿಂದ ಒತ್ತಿದರೆ ಅಂಚಿನಿಂದ ಚಕ್ಕೆಗಳು ಏಳುತ್ತಿದ್ದವು. ಅದನ್ನು ಬದಲಾಯಿಸುವುದು ಹೇಗೂ ಅನಿವಾರ್ಯವಾಗಿದ್ದುದರಿಂದ, ಯಾವುದನ್ನು ಕೂರಿಸಬೇಕೆಂಬ ಪ್ರಶ್ನೆಯನ್ನು ಊಹೆಗೆ ಬಿಡದೆ ಮೂರು ಬಗೆಯವನ್ನು ಒಂದಾದ ಮೇಲೊಂದು ಕೂರಿಸಿ ನೋಡಿದೆ. ಕಾರು 1.8 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ನಿನದು, ಹಿಂಚಕ್ರ ಚಾಲನೆಯದು. ರೇಡಿಯೇಟರಿನ ಮುಂದೆ ಏಸಿಯ ಬಿಸಿಯನ್ನು ಹೊರಬಿಡುವ ಕಂಡೆನ್ಸರ್, ಅದರ ಮುಂದೆ ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇವೆ. ಆದ್ದರಿಂದ ರೇಡಿಯೇಟರಿಗೆ ತಲುಪುವ ಗಾಳಿ ಆಗಲೇ ಎರಡು ಕಡೆ ಬಿಸಿಯಾಗಿ, ವೇಗವನ್ನೂ ಕಳೆದುಕೊಂಡು ಬಂದಿರುತ್ತದೆ. ಮುಂದಿನದೆಲ್ಲವನ್ನೂ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಮೊದಲನೆಯದು ಕಾರಿನೊಂದಿಗೆ ಬಂದಿದ್ದ ಮಾದರಿಯದೇ ಹೊಸ ರೇಡಿಯೇಟರ್: 26 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕೋರ್ (ಟ್ಯೂಬುಗಳಿರುವ ನಡುಭಾಗ), ಎರಡೂ ತುದಿಗಳಲ್ಲಿ ಮಡಿಸಿ ಬಿಗಿದ ಪ್ಲಾಸ್ಟಿಕ್ ಟ್ಯಾಂಕು. ಎರಡನೆಯದು ಪೂರ್ತಿ ಅಲ್ಯೂಮಿನಿಯಂನದು, ಎರಡು ಸಾಲು ಟ್ಯೂಬುಗಳ 42 ಮಿಲಿಮೀಟರ್ ಕೋರ್, ಬೆಸುಗೆ ಹಾಕಿದ ಟ್ಯಾಂಕುಗಳು. ಮೂರನೆಯದು ಮೂರು ಸಾಲಿನ, 53 ಮಿಲಿಮೀಟರ್ ದಪ್ಪದ್ದು. ತಾಮ್ರ ಹಿತ್ತಾಳೆಯ ರೇಡಿಯೇಟರನ್ನು ಪರೀಕ್ಷೆಗೆ ತೆಗೆದುಕೊಳ್ಳಲಿಲ್ಲ. ತಾಮ್ರವು ಅಲ್ಯೂಮಿನಿಯಂಗಿಂತ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ ಎಂಬುದು ನಿಜವೇ. ಆದರೆ ಟ್ಯೂಬನ್ನೂ ಫಿನ್ನನ್ನೂ (ಟ್ಯೂಬುಗಳ ನಡುವೆ ಗಾಳಿಗೆ ಶಾಖ ಬಿಡುವ ತೆಳು ತಗಡು) ಸೇರಿಸುವ ಸೀಸದ ಬೆಸುಗೆ ಆ ಅನುಕೂಲದ ಒಂದು ಪಾಲನ್ನು ತಿಂದುಹಾಕುತ್ತದೆ, ತೂಕವೂ ಬಹಳ ಹೆಚ್ಚು. ಅಲ್ಯೂಮಿನಿಯಂನಲ್ಲಿ ಅಗಲವಾದ ಟ್ಯೂಬುಗಳನ್ನು ಬಳಸಬಹುದಾದ್ದರಿಂದ ಕಡಿಮೆ ಸಾಲುಗಳಲ್ಲಿಯೇ ಫಿನ್ನಿಗೆ ಸಾಕಷ್ಟು ಸ್ಪರ್ಶ ಸಿಗುತ್ತದೆ.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಇಂಥ ಹೋಲಿಕೆ ಮಾಡಲಾಗದು. ಅನೇಕ ಕಾರುಗಳಲ್ಲಿ ಆ ಮುಳ್ಳನ್ನು ಬೇಕೆಂದೇ ಮಂದಗೊಳಿಸಿರುತ್ತಾರೆ. ಚಾಲಕ ಗಾಬರಿಯಾಗದಿರಲೆಂದು ವಿಶಾಲವಾದ ಉಷ್ಣತೆಯ ವ್ಯಾಪ್ತಿಯಲ್ಲಿ ಅದು ನಡುವೆಯೇ ನಿಂತಿರುತ್ತದೆ, ಅಲುಗಿದಾಗ ತಡವಾಗಿರುತ್ತದೆ. ನಾನು ಕಾರಿನ ಕಂಪ್ಯೂಟರಿಗೆ ಜೋಡಿಸಿ ಅಂಕಿ ಓದುವ ಓಬಿಡಿ ರೀಡರಿನಿಂದ ನೇರವಾಗಿ ಕೂಲೆಂಟ್ ಸೆನ್ಸರಿನ ಅಂಕಿಯನ್ನೇ ದಾಖಲಿಸಿದೆ. ಪ್ರತಿ ಸಲವೂ ಅದೇ ಟ್ರ್ಯಾಕ್, ಅದೇ ಟೈರು, ಅದೇ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ನೀರು ಮತ್ತು ಗ್ಲೈಕಾಲಿನ (ಹೆಪ್ಪುಗಟ್ಟದಂತೆ ತಡೆಯುವ ದ್ರವ) 50:50 ಮಿಶ್ರಣದ ಅದೇ ಕೂಲೆಂಟ್, 82 ಡಿಗ್ರಿಯಲ್ಲಿ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಅದೇ ಥರ್ಮೋಸ್ಟ್ಯಾಟ್ ಇದ್ದವು. ಆರನೆಯ ಸುತ್ತಿನ ಕೊನೆಯ ಅಂಕಿಯನ್ನು ಬರೆದುಕೊಂಡು, ಅದರಿಂದ ಹೊರಗಾಳಿಯ ಉಷ್ಣತೆಯನ್ನು ಕಳೆದೆ. ಥರ್ಮೋಸ್ಟ್ಯಾಟ್ ಪೂರ್ತಿ ತೆರೆದ ಮೇಲೆ ರೇಡಿಯೇಟರಿನ ಯೋಗ್ಯತೆಯನ್ನು ಹೇಳುವುದು ಈ ಅಂತರವೇ ಹೊರತು ಬರಿಯ ಅಂಕಿಯಲ್ಲ.

ಈ ಕಳೆಯುವ ಲೆಕ್ಕ ಇಲ್ಲದೇ ಹೋಗಿದ್ದರೆ ನಾನೇ ಮೋಸಹೋಗುತ್ತಿದ್ದೆ. ಮೂಲ ಮಾದರಿಯದು ಆರನೆಯ ಸುತ್ತಿಗೆ 108 ಡಿಗ್ರಿ ಮುಟ್ಟಿತು, 42 ಮಿಲಿಮೀಟರಿನದು 101, 53 ಮಿಲಿಮೀಟರಿನದು 97. ಇಷ್ಟನ್ನೇ ನೋಡಿದವರು ದಪ್ಪನೆಯದಕ್ಕೆ ಜೈ ಎನ್ನುತ್ತಾರೆ, ನಾನೂ ಆ ದಿನ ಸಂಜೆ ಹಾಗೆಯೇ ಅಂದಿದ್ದೆ. ಆದರೆ ಹೊರಗಾಳಿ ಮೊದಲ ದಿನ 31, ಎರಡನೆಯ ದಿನ 32, ಮೂರನೆಯ ದಿನ 29 ಡಿಗ್ರಿ ಇತ್ತು. ಕಳೆದು ನೋಡಿದರೆ ಅಂತರಗಳು ಕ್ರಮವಾಗಿ 77, 69 ಮತ್ತು 68. ಮೊದಲನೆಯದರಿಂದ ಎರಡನೆಯದಕ್ಕೆ ಹೋದಾಗ ಎಂಟು ಡಿಗ್ರಿ ಗಳಿಕೆ. ಎರಡನೆಯದರಿಂದ ಮೂರನೆಯದಕ್ಕೆ ಹೋಗಲು ಹನ್ನೊಂದು ಮಿಲಿಮೀಟರ್ ಜಾಗ, ಹೆಚ್ಚಿನ ತೂಕ ಮತ್ತು ಎರಡು ದಿನಗಳ ಕೆಲಸವನ್ನು ತೆತ್ತು ಪಡೆದದ್ದು ಒಂದು ಡಿಗ್ರಿ. ಸೆನ್ಸರಿನ ತಪ್ಪಿನ ಮಿತಿಯೊಳಗೇ ಅದು ಮುಳುಗಿಹೋಗುತ್ತದೆ. ಗುಡ್ಡ ಅಗೆದು ಇಲಿ ಹಿಡಿದಂತೆ ಎನ್ನುವುದು ಇದಕ್ಕೇ.

ಕಾರಣ ಗೂಢವೇನಲ್ಲ. ಗಾಳಿಯು ಮೊದಲ ಸಾಲಿನ ಟ್ಯೂಬುಗಳನ್ನು ದಾಟುವಾಗಲೇ ಬಿಸಿಯಾಗುತ್ತದೆ. ಹಿಂದಿನ ಸಾಲಿಗೆ ತಲುಪುವ ಹೊತ್ತಿಗೆ ಅದಕ್ಕೂ ಕೂಲೆಂಟಿಗೂ ಇರುವ ವ್ಯತ್ಯಾಸ ಕುಗ್ಗಿರುತ್ತದೆ, ವ್ಯತ್ಯಾಸ ಕುಗ್ಗಿದಷ್ಟೂ ಶಾಖ ಹರಿಯುವುದು ಕಡಿಮೆ. ಇದರ ಮೇಲೆ, ಕೋರ್ ದಪ್ಪವಾದಷ್ಟೂ ಗಾಳಿಗೆ ಅಡ್ಡಿ ಹೆಚ್ಚುತ್ತದೆ, ಹಾದುಹೋಗುವ ಗಾಳಿಯ ಪ್ರಮಾಣವೇ ಇಳಿಯುತ್ತದೆ. ವೇಗವಾಗಿ ಓಡುವಾಗ ಮುಂದಿನ ಒತ್ತಡ ಸಾಕಷ್ಟಿರುವುದರಿಂದ ಈ ನಷ್ಟ ಅಷ್ಟಾಗಿ ಕಾಣುವುದಿಲ್ಲ. ನಿಧಾನವಾದಾಗ ಮಾತ್ರ ಅದು ಬಚ್ಚಿಟ್ಟುಕೊಳ್ಳಲಾರದು.

ನಿಧಾನದ ಪರೀಕ್ಷೆಯಲ್ಲಿಯೇ 53 ಮಿಲಿಮೀಟರಿನದು ಸೋತದ್ದು. ಅದನ್ನು ಕೂರಿಸಿದ ಮೇಲೆ ಎಂಜಿನ್ನಿನ ಮುಂದೆ ಉಳಿದ ಜಾಗದಲ್ಲಿ ಕಾರಿನ ಮೂಲ ಫ್ಯಾನುಗಳೂ ಅವುಗಳ ಕವಚವೂ ಹಿಡಿಯಲಿಲ್ಲ. ತೆಳ್ಳನೆಯ ಎರಡು ಫ್ಯಾನುಗಳನ್ನು ಕವಚವಿಲ್ಲದೆ ನೇರವಾಗಿ ಕೋರಿಗೆ ಕಟ್ಟಬೇಕಾಯಿತು. ಕವಚವಿಲ್ಲದ ಫ್ಯಾನು ತನ್ನ ರೆಕ್ಕೆಗಳ ಎದುರಿನ ವೃತ್ತದಿಂದ ಮಾತ್ರ ಗಾಳಿ ಎಳೆಯುತ್ತದೆ, ಉಳಿದ ಮೂಲೆಗಳು ಇದ್ದೂ ಇಲ್ಲದಂತೆ. ಏಸಿ ಹಾಕಿಕೊಂಡು ನಿಂತ ವಾಹನಗಳ ಸಾಲಿನಲ್ಲಿ ಹತ್ತು ನಿಮಿಷ ತೆವಳಿದಾಗ ಅದು 103ಕ್ಕೆ ಏರಿ ಇನ್ನೂ ಏರುತ್ತಲೇ ಇತ್ತು. ಅದೇ ಪರಿಸ್ಥಿತಿಯಲ್ಲಿ ಮೂಲ ರೇಡಿಯೇಟರ್ 96ರ ಆಸುಪಾಸಿನಲ್ಲಿಯೂ, ಮೂಲ ಕವಚವನ್ನೇ ಹೊತ್ತ 42 ಮಿಲಿಮೀಟರಿನದು 94ರಲ್ಲಿಯೂ ನಿಂತಿದ್ದವು. ಟ್ರ್ಯಾಕಿನ ರಾಜ ರಸ್ತೆಯಲ್ಲಿ ಏದುಸಿರು ಬಿಟ್ಟಿತು.

ಅದರ ಇನ್ನೊಂದು ಕಷ್ಟವನ್ನು ನಾನು ಕಂಡದ್ದು ಆಕಸ್ಮಿಕವಾಗಿ. ನಿಂತ ಕಾರಿನಲ್ಲಿ ಫ್ಯಾನಿನ ಮೋಟಾರಿಗೂ ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ಕ್ರ್ಯಾಂಕ್ ಪುಲ್ಲಿಗೂ ನಡುವೆ ಆರು ಮಿಲಿಮೀಟರ್ ಅಂತರವಿತ್ತು, ಸಾಕೆಂದುಕೊಂಡಿದ್ದೆ. ಟ್ರ್ಯಾಕಿನಿಂದ ಬಂದು ಟಾರ್ಚ್ ಹಿಡಿದು ನೋಡಿದಾಗ ಮೋಟಾರಿನ ಬೆನ್ನ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಬಣ್ಣ ತರಚಿ ಲೋಹ ಹೊಳೆಯುತ್ತಿತ್ತು. ಜೋರಾಗಿ ಬ್ರೇಕ್ ಹಾಕಿದಾಗ ರಬ್ಬರ್ ಮೌಂಟುಗಳ ಮೇಲೆ ಕೂತ ಎಂಜಿನ್ ಮುಂದಕ್ಕೆ ಬಾಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎಂಜಿನ್ನಿಗೂ ಫ್ಯಾನಿಗೂ ನಡುವೆ ಕನಿಷ್ಠ ಇಪ್ಪತ್ತು ಮಿಲಿಮೀಟರ್ ಉಳಿಯದಿದ್ದರೆ ಆ ರೇಡಿಯೇಟರ್ ನನ್ನ ಕಾರಿನದಲ್ಲ ಎಂದು ಅಂದಿನಿಂದ ನಿಶ್ಚಯಿಸಿದ್ದೇನೆ.

ರೇಡಿಯೇಟರುಗಳ ಸ್ಪರ್ಧೆ ಹೀಗೆ 42 ಮಿಲಿಮೀಟರಿನದರ ಕಡೆಗೆ ವಾಲಿದ ಮೇಲೆ, ಹೋಲಿಕೆಗೆ ತಕ್ಕ ನಾಲ್ಕನೆಯ ಸ್ಪರ್ಧಿ ಲೋಹದ್ದಲ್ಲ, ಖಾಲಿ ಜಾಗದ್ದು ಎಂಬುದು ಹೊಳೆಯಿತು. ಬಂಪರ್ ಕಳಚಿ ಗ್ರಿಲ್ಲಿನಿಂದ ರೇಡಿಯೇಟರಿನವರೆಗೆ ಕೈಯಾಡಿಸಿದರೆ ಎರಡೂ ಪಕ್ಕಗಳಲ್ಲಿ ಅಂಗೈ ನುಸುಳುವಷ್ಟು ಸಂದು, ಮೇಲೆ ಬೆರಳಗಲದ ಸಂದು, ಕೆಳಗೆ ಪೂರ್ತಿ ಬಯಲು. ಗಾಳಿಗೆ ಸುಲಭದ ದಾರಿ ಇರುವಾಗ ಫಿನ್ನುಗಳ ಇಕ್ಕಟ್ಟಿನೊಳಗೆ ಅದು ಏಕೆ ಹೋದೀತು? ಎರಡು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಮೊದಲು ರಟ್ಟಿನಲ್ಲಿ ಅಳತೆ ತೆಗೆದು ಕತ್ತರಿಸಿ, ಬಂಪರಿನ ಬಾಯಿಯಿಂದ ಇಂಟರ್‌ಕೂಲರಿನ ಅಂಚಿನವರೆಗೆ ಎರಡು ಪಕ್ಕದ ಗೋಡೆಗಳನ್ನೂ ಒಂದು ನೆಲವನ್ನೂ ಕಟ್ಟಿದೆ. ಇಂಟರ್‌ಕೂಲರ್, ಕಂಡೆನ್ಸರ್, ರೇಡಿಯೇಟರ್ ಇವುಗಳ ನಡುವಿನ ಸಂದುಗಳಿಗೆ ನೀರು ಹೀರದ ಫೋಮ್ ಪಟ್ಟಿ ತುರುಕಿದೆ. ಮೊದಲ ಸಲ ಬರಿಯ ಅಂಟಿನ ಮೇಲೆ ನಂಬಿಕೆಯಿಟ್ಟದ್ದರಿಂದ ಪಟ್ಟಿಯೊಂದು ಬಿಸಿಗೆ ಬಿಟ್ಟುಕೊಂಡು ಕೋರಿನ ಮುಖಕ್ಕೇ ಅಂಟಿ ಕೂತಿತ್ತು. ಆಮೇಲೆ ಪ್ಲಾಸ್ಟಿಕ್ ಟೈಗಳಿಂದಲೂ ಕಟ್ಟಿದೆ.

ಇದರ ಫಲಿತಾಂಶವನ್ನು ನ್ಯಾಯವಾಗಿ ಅಳೆಯಬೇಕೆಂದು ಮೂಲ ರೇಡಿಯೇಟರನ್ನೇ ಮತ್ತೆ ಕೂರಿಸಿ ನೋಡಿದೆ. 31 ಡಿಗ್ರಿ ಹೊರಗಾಳಿಯಲ್ಲಿ 108ರ ಬದಲು 103 ಬಂತು. 42 ಮಿಲಿಮೀಟರಿನದು 32 ಡಿಗ್ರಿಯಲ್ಲಿ 96ಕ್ಕೆ ಇಳಿಯಿತು. ಎರಡರಲ್ಲಿಯೂ ಐದೈದು ಡಿಗ್ರಿ. ರೇಡಿಯೇಟರ್ ಬದಲಿಸಿ ಗಳಿಸಿದ್ದರ ಅರ್ಧಕ್ಕಿಂತ ಹೆಚ್ಚನ್ನು ರಟ್ಟು, ಕತ್ತರಿ ಮತ್ತು ಫೋಮ್ ಕೊಟ್ಟವು. ಮೊದಲು ಸಂದು ಮುಚ್ಚಿ, ಆಮೇಲೆ ರೇಡಿಯೇಟರ್ ಕೊಳ್ಳುವ ಮಾತಾಡಿ ಎನ್ನುವುದು ನನ್ನ ಖಚಿತವಾದ ಅಭಿಪ್ರಾಯ.

ಒಳಗೆ ಬಂದ ಗಾಳಿ ಹೊರಗೂ ಹೋಗಬೇಕು. ಬಾನೆಟ್ಟಿನ ಹಿಂಭಾಗವನ್ನು ವಾಷರ್ ಇಟ್ಟು ಎತ್ತಿದರೆ ಬಿಸಿಗಾಳಿ ಹೊರಬೀಳುತ್ತದೆ ಎಂಬ ನಂಬಿಕೆ ಬಹಳ ಹರಡಿದೆ. ನಾನೂ ಎತ್ತಿ, ಆ ಸಂದಿನ ಉದ್ದಕ್ಕೂ ಉಣ್ಣೆಯ ದಾರದ ತುಂಡುಗಳನ್ನು ಅಂಟಿಸಿ, ಒಳಗಿನಿಂದ ಚಿತ್ರೀಕರಿಸಿದೆ. ನಿಂತಿದ್ದಾಗ ದಾರಗಳು ಹೊರಕ್ಕೆ ಮೆಲ್ಲನೆ ತೂಗಾಡಿದವು, ವೇಗ ಹೆಚ್ಚುತ್ತಿದ್ದಂತೆ ಒಂದೊಂದಾಗಿ ತಿರುಗಿ ಎಂಜಿನ್ನಿನ ಕಡೆಗೇ ನುಗ್ಗಿದವು. ಮುಂಗಾಜಿನ ಬುಡದಲ್ಲಿ ಒತ್ತಡ ಹೆಚ್ಚಿರುತ್ತದೆ, ಗಾಳಿ ಅಲ್ಲಿಂದ ಒಳಗೆ ಬರುತ್ತದೆ. ಕಿಂಡಿ ಕೊರೆಯುವುದಾದರೆ ರೇಡಿಯೇಟರಿನ ಬೆನ್ನಿಗೇ, ಬಾನೆಟ್ಟಿನ ಮುಂಭಾಗದಲ್ಲಿ ಕೊರೆಯಬೇಕು. ವಾಷರುಗಳನ್ನು ಅಂದೇ ತೆಗೆದೆ.

ಉಳಿದ ಪರ್ಯಾಯಗಳನ್ನು ಬೇಗ ಹೇಳಿಬಿಡುತ್ತೇನೆ. 71 ಡಿಗ್ರಿಯಲ್ಲಿ ತೆರೆಯುವ ಥರ್ಮೋಸ್ಟ್ಯಾಟ್ ಹಾಕಿದಾಗ ಆರನೆಯ ಸುತ್ತಿನ ಅಂಕಿ ಬದಲಾಗಲೇ ಇಲ್ಲ, ಅಲ್ಲಿಗೆ ಮುಟ್ಟಲು ಒಂದು ಸುತ್ತು ತಡವಾಯಿತು ಅಷ್ಟೆ. ಪೂರ್ತಿ ತೆರೆದ ಮೇಲೆ ಎಲ್ಲ ಥರ್ಮೋಸ್ಟ್ಯಾಟುಗಳೂ ಒಂದೇ. ಹೆಚ್ಚು ಒತ್ತಡದ ರೇಡಿಯೇಟರ್ ಮುಚ್ಚಳ ಏನನ್ನೂ ತಂಪು ಮಾಡುವುದಿಲ್ಲ, ಕುದಿಯುವ ಬಿಂದುವನ್ನು ಮಾತ್ರ ಮೇಲಕ್ಕೆ ತಳ್ಳುತ್ತದೆ: 1.1 ಬಾರ್ ಮುಚ್ಚಳದಡಿ ಶುದ್ಧ ನೀರು ಸುಮಾರು 122 ಡಿಗ್ರಿಯವರೆಗೆ ಕುದಿಯದು. ಅದು ಸಿಲಿಂಡರ್ ಹೆಡ್ಡಿನೊಳಗಿನ ಬಿಸಿ ತಾಣಗಳಲ್ಲಿ ಆವಿಯ ಗುಳ್ಳೆ ಏಳದಂತೆ ಕಾಯುತ್ತದೆ. ಆದರೆ ಹಳೆಯ ಪ್ಲಾಸ್ಟಿಕ್ ಟ್ಯಾಂಕಿರುವವರು ಅದರ ಗೊಡವೆಗೆ ಹೋಗಬಾರದು. ಗ್ಲೈಕಾಲಿನ ಪ್ರಮಾಣವನ್ನು ಶೇಕಡಾ ಮೂವತ್ತಕ್ಕೆ ಇಳಿಸಿ ಭಟ್ಟಿ ಇಳಿಸಿದ ನೀರನ್ನು ಎಪ್ಪತ್ತಕ್ಕೆ ಏರಿಸಿದಾಗ ಎರಡು ಡಿಗ್ರಿ ಗಳಿಕೆಯಾಯಿತು. ನೀರು ಗ್ಲೈಕಾಲ್ ಮಿಶ್ರಣಕ್ಕಿಂತ ಹೆಚ್ಚು ಶಾಖ ಹೊರಬಲ್ಲದು. ಹಿಮ ಬೀಳುವ ಕಡೆ ಇರುವವರಿಗೆ ಈ ದಾರಿ ಹೊಂದುವುದಿಲ್ಲ. ಆಯಿಲ್ ಕೂಲರ್ ಮಾತ್ರ ಬೇರೆಯೇ ಲೆಕ್ಕದ್ದು. ಎಂಜಿನ್ ಆಯಿಲ್ 132ರಿಂದ 112ಕ್ಕೆ ಇಳಿದದ್ದು ನನ್ನ ದೃಷ್ಟಿಯಲ್ಲಿ ಈ ಇಡೀ ಕೆಲಸದ ಅತ್ಯಂತ ಬೆಲೆಬಾಳುವ ಅಂಕಿ. ಅದನ್ನು ರೇಡಿಯೇಟರಿನ ಮುಂದೆ ಕಟ್ಟದೆ ಚಕ್ರದ ಗೂಡಿನ ಮುಂದಿನ ಕಿಂಡಿಗೆ ಕೂರಿಸಿದ್ದೇನೆ, ಇಲ್ಲವಾದರೆ ಒಂದರ ಬಿಸಿಯನ್ನು ಇನ್ನೊಂದಕ್ಕೆ ಉಣಿಸಿದಂತಾಗುತ್ತದೆ.

ಸೆನ್ಸರಿನ ಅಂಕಿ ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ 1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಪ್ರಸಿದ್ಧ ಉದಾಹರಣೆ. ಮುಂಚಕ್ರ ಚಾಲನೆಯ ಕಾರಿಗಾಗಿ ರೂಪಿಸಿದ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಕೂರಿಸುವಾಗ ಕೂಲೆಂಟ್ ಹೊರಬರುವ ಬಾಯಿಯನ್ನು ಹಿಂದಿನಿಂದ ಮುಂದಕ್ಕೆ ತಂದರು. ಒಳಬರುವ ದಾರಿಯೂ ಮುಂದೆಯೇ ಇರುವುದರಿಂದ ಹಿಂದಿನ ಸಿಲಿಂಡರುಗಳಿಗೆ ಹರಿವು ಕಡಿಮೆಯಾಗುತ್ತದೆ. ಟರ್ಬೊ ಕಟ್ಟುವವರು ಅದನ್ನು ಮತ್ತೆ ಹಿಂದಕ್ಕೆ ಒಯ್ಯುವುದು ಇದಕ್ಕಾಗಿಯೇ. ಅಂಥ ಎಂಜಿನ್ನಿಗೆ ಎಷ್ಟು ದೊಡ್ಡ ರೇಡಿಯೇಟರ್ ಕಟ್ಟಿದರೂ ನಾಲ್ಕನೆಯ ಸಿಲಿಂಡರಿನ ದೂರು ತೀರದು.

ಕೂರಿಸುವ ಕೆಲಸದ ಸುಲಭದಲ್ಲಿ ಮೂಲ ಮಾದರಿಯದಕ್ಕೆ ಸಾಟಿಯಿಲ್ಲ. ಕೆಳಗಿನ ರಬ್ಬರ್ ಬುಶ್‌ಗಳಲ್ಲಿ ಗೂಟಗಳು ತಾವಾಗಿ ಇಳಿದವು, ಒಂದೂವರೆ ಗಂಟೆಯಲ್ಲಿ ಮುಗಿಯಿತು. 42 ಮಿಲಿಮೀಟರಿನದರ ಮೇಲಿನ ಬ್ರ್ಯಾಕೆಟಿನ ತೂತುಗಳು ನಾಲ್ಕು ಮಿಲಿಮೀಟರ್ ಆಚೆಗಿದ್ದು, ಅರದಿಂದ ಉಜ್ಜಿ ಉದ್ದ ಮಾಡಬೇಕಾಯಿತು. ಕವಚವನ್ನು ಹಿಡಿಯುವ ಸಣ್ಣ ಬೋಲ್ಟುಗಳನ್ನು ಅಲ್ಯೂಮಿನಿಯಂ ಮರೆಯೊಳಗೆ (ತಿರುಪಿನ ಸುತ್ತುಗಳೊಳಗೆ) ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು, ಮೊದಲೇ ಪಾನಾ ಹಾಕಿದರೆ ಮರೆ ಕಿತ್ತುಬರುತ್ತದೆ. ಹೊಸ ರೇಡಿಯೇಟರಿನ ಒಳಗೆ ಬೆಸುಗೆಯ ಪುಡಿ ಉಳಿದಿರಬಹುದಾದ್ದರಿಂದ ಮೂರು ಸಲ ನೀರು ತುಂಬಿ ಕುಲುಕಿ ಚೆಲ್ಲಿದೆ. ಎರಡನೆಯ ಸಲವೂ ಬಿಳಿಯ ಬಟ್ಟೆಯ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಹೊಳೆಯುವ ಚೂರುಗಳು ಕಂಡವು, ಮೂರನೆಯ ಸಲಕ್ಕೆ ನಿಂತವು. ಹಳೆಯ ಕೂಲೆಂಟನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ತಟ್ಟೆಗೆ ಇಳಿಸಿ ತಕ್ಷಣ ಮುಚ್ಚಿಡಬೇಕು. ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿಗೆ ಸಿಹಿ, ನಾಯಿ ಬೆಕ್ಕುಗಳು ನೆಕ್ಕಿಬಿಡುತ್ತವೆ. ತುಂಬುವಾಗ ಕಾರಿನ ಮೂತಿಯನ್ನು ಎತ್ತಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮೇಲಿನ ಹೋಸನ್ನು ಹಿಂಡುತ್ತಾ ಗುಳ್ಳೆಗಳು ನಿಲ್ಲುವವರೆಗೆ ಕಾದರೆ ಒಳಗೆ ಗಾಳಿ ಉಳಿಯುವುದಿಲ್ಲ.

ಅಲ್ಯೂಮಿನಿಯಂ ರೇಡಿಯೇಟರಿಗೆ ಇನ್ನೊಂದು ಜಾಗ್ರತೆ ಬೇಕು. ಫ್ಯಾನಿನ ಅರ್ತಿಂಗ್ ತಂತಿಯನ್ನು ರೇಡಿಯೇಟರಿಗೆ ಕೊಡದೆ ಕಾರಿನ ದೇಹಕ್ಕೇ ಕೊಡಬೇಕು. ಕೂಲೆಂಟಿನ ಮೂಲಕ ಹರಿಯುವ ದಾರಿತಪ್ಪಿದ ವಿದ್ಯುತ್ತು ಒಳಗಿನಿಂದ ಸೂಜಿಮೊನೆಯಷ್ಟು ತೂತುಗಳನ್ನು ಕೊರೆಯುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಕೂಲೆಂಟಿನೊಳಗೂ ಇಟ್ಟು ಫ್ಯಾನ್, ದೀಪ ಎಲ್ಲವನ್ನೂ ಹಾಕಿ ನೋಡಿದಾಗ ನನಗೆ 0.06 ವೋಲ್ಟ್ ಬಂತು. 0.1ರೊಳಗೆ ಇದ್ದರೆ ಚಿಂತೆಯಿಲ್ಲ.

ನನ್ನ ಕಾರಿನಲ್ಲಿ ಈಗಿರುವುದು 42 ಮಿಲಿಮೀಟರಿನದು, ಮೂಲ ಫ್ಯಾನುಗಳು ಮತ್ತು ಕವಚ, ಮುಚ್ಚಿದ ಸಂದುಗಳು, 82ರ ಥರ್ಮೋಸ್ಟ್ಯಾಟ್. ಮೂರು ಸಾಲಿನದನ್ನು ಗೆಳೆಯರೊಬ್ಬರು ಒಯ್ದರು. ಅವರ ಕಾರು ಟ್ರ್ಯಾಕಿಗೆ ಮಾತ್ರ ಇಳಿಯುವಂಥದ್ದು, ಏಸಿಯನ್ನೇ ಕಿತ್ತುಹಾಕಿದ್ದಾರೆ, ಮೂತಿಯೊಳಗೆ ಆಳವಾದ ಜಾಗವಿದೆ, ಪೂರ್ತಿ ಕೋರನ್ನು ಮುಚ್ಚುವ ಕವಚವನ್ನೂ ಮಡಿಸಿಕೊಂಡಿದ್ದಾರೆ. ಅಲ್ಲಿ ಅದು ನನ್ನ ಕಾರಿನಲ್ಲಿ ತೋರದಿದ್ದ ಗುಣವನ್ನು ತೋರಿದರೆ ನನಗೆ ಆಶ್ಚರ್ಯವಿಲ್ಲ. ಅಂಕಿಗಳನ್ನು ಬರೆದಿಡುವಾಗ ಹೊರಗಾಳಿಯನ್ನು ಕಳೆಯಲು ಮರೆಯಬೇಡಿ ಎಂದಷ್ಟೇ ಹೇಳಿ ಕಳಿಸಿದ್ದೇನೆ.