ದಿನ ತುಂಬುವ ಮೊದಲೇ ಹೆರಿಗೆ ಆಗುತ್ತಾ? ಸ್ಕ್ಯಾನ್, ಸ್ವಾಬ್, ಆ್ಯಪ್‌ಗಳಲ್ಲಿ ಯಾವುದನ್ನು ನಂಬಬಹುದು

ನನ್ನ ಮೊದಲ ಮಗು 33ನೇ ವಾರಕ್ಕೇ ಹುಟ್ಟಿತು. ಹಾಗಾಗಿ ಎರಡನೇ ಸಲ ಬಸಿರಾದಾಗ, ಮುಂಚೆಯೇ ಸುಳಿವು ಕೊಡುತ್ತವೆ ಅನ್ನುವ ಎಲ್ಲವನ್ನೂ ನೋಡಿಬಿಟ್ಟೆ. ಎಲ್ಲಕ್ಕೂ ಒಂದೇ ತೂಕ ಕೊಡಬೇಡಿ.

ಮೊದಲು ರಿಸ್ಕ್ ಪಟ್ಟಿ. ಹಿಂದೆ 37 ವಾರದೊಳಗೆ ಹೆರಿಗೆ ಆಗಿತ್ತಾ, ಅವಳಿಗಳಾ, ಗರ್ಭಕಂಠಕ್ಕೆ ಆಪರೇಷನ್ ಆಗಿದೆಯಾ, ಸಿಗರೇಟು ಇದೆಯಾ, ಹಿಂದಿನ ಹೆರಿಗೆಯಾಗಿ ಆರು ತಿಂಗಳೊಳಗೇ ಮತ್ತೆ ಬಸಿರಾ, ಮೂತ್ರದ ಸೋಂಕು ಇದೆಯಾ ಅಂತ ಕೇಳುತ್ತಾರೆ. ಯಾರ ಮೇಲೆ ಕಣ್ಣಿಡಬೇಕು ಅಂತ ತಿಳಿಯಲು ಒಳ್ಳೆಯದು, ಅಷ್ಟೇ. ಮೊದಲ ಸಲ ನನಗೆ ಇದರಲ್ಲಿ ಒಂದೂ ಇರಲಿಲ್ಲ. ಬೇಗ ಹೆರುವ ಎಷ್ಟೋ ಜನರಿಗೆ ಇರುವುದಿಲ್ಲ. ಇನ್ನು ಹಿಂದೆ ಒಮ್ಮೆ ಬೇಗ ಹೆತ್ತವರಲ್ಲೂ ಹೆಚ್ಚಿನವರಿಗೆ ಮುಂದಿನ ಸಲ ದಿನ ತುಂಬಿಯೇ ಹೆರಿಗೆ ಆಗುತ್ತದೆ.

ನನ್ನ ಓಟು ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ಗೆ. ಮುಜುಗರ ಸ್ವಲ್ಪ ಆಗುತ್ತದೆ, ನೋವೇನಿಲ್ಲ. ಗರ್ಭಕಂಠದ ಉದ್ದ ಅಳೆಯುತ್ತಾರೆ. 24 ವಾರದೊಳಗೆ ಅದು 25 ಮಿ.ಮೀ.ಗಿಂತ ಕಮ್ಮಿಯಾದರೆ ಎಚ್ಚರದ ಗಂಟೆ. ನನ್ನದು ಆ ಗೆರೆಗಿಂತ ಕೆಳಗಿಳಿದ ಕೂಡಲೇ ಪ್ರೊಜೆಸ್ಟೆರಾನ್ (ಬಸಿರು ಉಳಿಯಲು ನೆರವಾಗುವ ಹಾರ್ಮೋನು) ಶುರು ಮಾಡಿದರು. ಅಂದರೆ ಇದು ಬರೀ ಭವಿಷ್ಯ ಹೇಳಿ ಸುಮ್ಮನಾಗಲ್ಲ, ಮುಂದೇನು ಮಾಡಬಹುದು ಅನ್ನೋದಕ್ಕೂ ದಾರಿ ಇದೆ. ಹೊಟ್ಟೆಯ ಮೇಲಿನ ಸ್ಕ್ಯಾನ್ ಸಾಕಲ್ವಾ ಅಂತ ಕೇಳಬಹುದು. ಸಾಲದು: ಅದಕ್ಕೆ ಮೂತ್ರಕೋಶ ತುಂಬಿರಬೇಕು, ತುಂಬಿದರೆ ಅದು ಒತ್ತಿ ಕಂಠ ಇರುವುದಕ್ಕಿಂತ ಉದ್ದ ಕಾಣುತ್ತದೆ.

ಸ್ವಾಬ್ ಅಂದರೆ ಫೀಟಲ್ ಫೈಬ್ರೊನೆಕ್ಟಿನ್ ಪರೀಕ್ಷೆ: ಮಗುವಿನ ಚೀಲವನ್ನು ಗರ್ಭಕೋಶಕ್ಕೆ ಅಂಟಿಸಿಡುವ ಈ ಪ್ರೋಟೀನ್ ಸೋರಿದೆಯಾ ಅಂತ, ಯೋನಿಯೊಳಗಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದು ನೋಡುತ್ತಾರೆ. ಹೊಟ್ಟೆ ಪದೇ ಪದೇ ಗಟ್ಟಿಯಾಗುತ್ತಿದೆ ಅಂತ ಓಡಿದಾಗ ನನಗೆ ಮಾಡಿದ್ದು ಇದನ್ನೇ. ಇದರ ವಿಚಿತ್ರ ಏನೆಂದರೆ 'ಇಲ್ಲ' ಅಂದಾಗ ಮಾತ್ರ ಇದನ್ನು ನಂಬಬಹುದು. ನೆಗೆಟಿವ್ ಬಂದರೆ ಮುಂದಿನ ಒಂದೆರಡು ವಾರ ಹೆರಿಗೆ ಆಗುವ ಸಾಧ್ಯತೆ ತುಂಬಾ ಕಮ್ಮಿ. ಪಾಸಿಟಿವ್ ಬಂದರೂ ಹೆಚ್ಚಿನವರಿಗೆ ಆಗ ಹೆರಿಗೆ ಆಗುವುದಿಲ್ಲ, ಸುಮ್ನೆ ನಿದ್ದೆಗೇಡು. ಹಿಂದಿನ 24 ಗಂಟೆಯಲ್ಲಿ ಸಂಭೋಗ ಆಗಿದ್ದರೆ, ರಕ್ತ ಹೋಗುತ್ತಿದ್ದರೆ ಫಲಿತಾಂಶ ಕೆಡುತ್ತದೆ. ಕೈ ಹಾಕಿ ನೋಡುವ ಮೊದಲೇ ಸ್ವಾಬ್ ತೆಗೆಯಬೇಕು, ಇದನ್ನು ಬೇಕಾದರೆ ನೀವೇ ನೆನಪಿಸಿ.

'ಇಲ್ಲ' ಅನ್ನುವ ಉತ್ತರಕ್ಕೆ ಇಷ್ಟು ಬೆಲೆ ಯಾಕೆ ಅಂದರೆ, ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಹೆಚ್ಚು ಕೆಲಸ ಮಾಡುವುದು ಕೊಟ್ಟ ಏಳು ದಿನದೊಳಗೆ ಹೆರಿಗೆ ಆದಾಗ, ಹಾಗಾಗಿ ಹೆದರಿದ್ದಕ್ಕೆಲ್ಲ ಚುಚ್ಚಿಸಿಕೊಂಡರೆ ನಿಜವಾಗಿ ಬೇಕಾದ ಹೊತ್ತಿಗೆ ಅದರ ಬಲ ಇಳಿದಿರಬಹುದು.

ಕೈ ಪರೀಕ್ಷೆ? ಗರ್ಭಕಂಠದ ಬಾಯಿ ತೆರೆದಿದೆಯಾ ಅಂತ ತಿಳಿಯುತ್ತದೆ. ಆದರೆ ಕಂಠ ಮೊದಲು ತೆರೆದುಕೊಳ್ಳುವುದು ಸಾಮಾನ್ಯವಾಗಿ ಒಳಗಿನ ತುದಿಯಿಂದ, ಅದು ಬೆರಳಿಗೆ ಸಿಗಲ್ಲ. ಒಬ್ಬೊಬ್ಬರ ಕೈ ಒಂದೊಂದು ಅಳತೆ ಬೇರೆ.

ಆ್ಯಪ್ ಬಿಡಿ. ನೋವು ಎಷ್ಟು ನಿಮಿಷಕ್ಕೊಮ್ಮೆ ಬರುತ್ತಿದೆ ಅಂತ ಬರೆದಿಡಲು ಸರಿ, ಸುಳ್ಳು ನೋವು ಯಾವುದು ನಿಜವಾದದ್ದು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಮನೆಯಲ್ಲಿ ಹೊಟ್ಟೆಗೆ ಕಟ್ಟಿ ನೋಡುವ ಮಾನಿಟರ್‌ಗಳಿಂದಲೇ ಬೇಗ ಹೆರಿಗೆ ತಪ್ಪಿದ್ದು ಅಧ್ಯಯನಗಳಲ್ಲಿ ಕಾಣಲಿಲ್ಲ.

ನೋವು ಬಂದು ಆಸ್ಪತ್ರೆಗೆ ಹೋದಾಗ, ಸ್ಕ್ಯಾನ್ ಸ್ವಾಬ್ ಎರಡೂ ಸಿಗುವ ಕಡೆ ಸ್ಕ್ಯಾನ್‌ನ ಅಳತೆಯೇ ಮೊದಲು ಮುಖ್ಯ. ಕಂಠ 30 ಮಿ.ಮೀ. ದಾಟಿದ್ದರೆ ಸ್ವಾಬ್ ಸಾಮಾನ್ಯವಾಗಿ ಬೇಕಾಗಲ್ಲ. 20ಕ್ಕಿಂತ ಕಮ್ಮಿ ಇದ್ದರೂ ಅಷ್ಟೇ, ನೇರ ಚಿಕಿತ್ಸೆ. ನಡುವೆ ಇದ್ದವರಿಗೇ ಸ್ವಾಬ್ ಹೆಚ್ಚು ಉಪಯೋಗ. ಆದರೆ ಸ್ವಾಬನ್ನು ಸ್ಕ್ಯಾನ್‌ಗೂ ಮೊದಲೇ ತೆಗೆದಿಟ್ಟುಕೊಳ್ಳುತ್ತಾರೆ, ಅಳತೆ ನೋಡಿ ಬೇಡವಾದರೆ ಬಿಸಾಡುತ್ತಾರೆ. ನೀರು ಹೋಗುತ್ತಿದ್ದರೆ, ರಕ್ತ ಕಂಡರೆ ಈ ಹೋಲಿಕೆಯೆಲ್ಲ ಪಕ್ಕಕ್ಕಿಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.